ಮಗುಚಿಟ್ಟ ಒರಳು

ಕೊನೊಂಗೊ
೩ ಮಾರ್ಚ್ ೧೯೯೧

ಬಿರಾಗೊ ಅತ್ತಿಗೆಗೆ,

ದೂಫಿಯೆಯ ನಮಸ್ಕಾರ. ಅಂಚೆಯನ್ನು ನಂಬದೆ ಈ ಕಾಗದವನ್ನು ಲಾರಿ ಡ್ರೈವರ್ ಬೊಅಡಿಯ ಕೈಯಲ್ಲಿ ಕೊಡುತ್ತಿದ್ದೇನೆ. ಅಬಿಜಾನಿನಲ್ಲಿ ನಿಮ್ಮ ಬಟ್ಟೆಯಂಗಡಿ ಅವನಿಗೆ ಗೊತ್ತಂತೆ.

ನಿನ್ನೆ ನಿಮ್ಮ ಕುಲದವರು ಸಭೆ ಸೇರಿದ್ದರು. ನಾನು ಹೆಂಡತಿ, ಒಳಗೆ ಕೂರುವ ಹಾಗಿಲ್ಲ. ಅಂಗಳದಲ್ಲಿ ಕೂತಿದ್ದೆ. ಸಭೆ ಮುಗಿದ ಮೇಲೆ ನಿಮ್ಮ ಸೋದರಮಾವ ಅಹೆಂಕೊರಾ ಹೊರಗೆ ಬಂದು, "ದೂಫಿಯೆ, ಈಸ್ಟರ್‌ಗೂ ಮಣ್ಣು ಮಾಡೋಕಾಗಲ್ವಂತಮ್ಮ. ಇನ್ನೂ ಸ್ವಲ್ಪ ತಡಿ. ಬಿರಾಗೊ ಕಟ್ಟಿಸ್ತಿರೋ ಮನೆ ಮುಗಿದಿಲ್ಲ" ಅಂದರು. ಕುಲದ ಹಿರಿಯರು ಅವರು. ಆದರೂ ಈ ಮಾತು ಹೇಳುವಾಗ ನನ್ನ ಮುಖ ನೋಡಲಿಲ್ಲ, ತಮ್ಮ ಚಪ್ಪಲಿ ನೋಡುತ್ತಿದ್ದರು.

ನಿಮ್ಮ ತಮ್ಮ, ನನ್ನ ಯಜಮಾನರು, ತೀರಿಕೊಂಡಾಗ ಮಳೆಗಾಲ. ಆಮೇಲೆ ಉತ್ತರದ ಒಣಗಾಳಿ ಬಂದು ತುಟಿ ಒಡೆಯಿಸಿ ಹೋಯಿತು. ಈಗ ಮತ್ತೆ ಮೋಡ ಕಟ್ಟುತ್ತಿದೆ. ಅಮಾನಿಂಗ್ ಇನ್ನೂ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಹಲಗೆಯ ಮೇಲಿದ್ದಾರೆ. ನಾನು ಕಪ್ಪು ಬಟ್ಟೆಯಲ್ಲಿದ್ದೇನೆ. ಅವರು ಹೋದ ದಿನವೇ ಮರದ ಒರಳನ್ನು ಮಗುಚಿ ಗೋಡೆಗೆ ಒರಗಿಸಿದೆ. ಅವರು ಮಣ್ಣಿಗೆ ಸೇರುವ ತನಕ ಈ ಮನೆಯಲ್ಲಿ ಫುಫು ಮುದ್ದೆ ಕುಟ್ಟುವ ಸದ್ದು ಏಳುವುದಿಲ್ಲ. ಅದನ್ನು ದೂರುತ್ತಿಲ್ಲ. ನನ್ನ ಅವ್ವ ಹೋದಾಗಲೂ ಹೀಗೇ ಇದ್ದೆ, ಆದರೆ ಆಗ ಎರಡೇ ವಾರಕ್ಕೆ ಮುಗಿದಿತ್ತು. ಈಗ ಬೆಳಿಗ್ಗೆ ಜೋಳದ ಗಂಜಿ, ಸಂಜೆ ಅದೇ ಜೋಳದ ಹುಳಿಹಿಟ್ಟಿನ ಮುದ್ದೆ. ಸಂಜೆ ಅಕ್ಕಪಕ್ಕದವರು ಕುಟ್ಟಲು ಶುರು ಮಾಡಿದರೆ ಕಿಟಕಿ ಹಾಕಿಕೊಳ್ಳುತ್ತೇನೆ.

ಯಾವುದಾದರೂ ಒಂದು ಶನಿವಾರ ಹೇಳಿ. ಮನೆ ಹೇಗಿದ್ದರೂ ಸರಿ. ನಿಮ್ಮ ಮಾತಿಲ್ಲದೆ ಅವರ್ಯಾರೂ ಕೈ ಎತ್ತುವುದಿಲ್ಲ.

ದೂಫಿಯೆ


ಅಬಿಜಾನ್
೨೦ ಮಾರ್ಚ್ ೧೯೯೧

ದೂಫಿಯೆಗೆ,

ನಿನ್ನ ಕಾಗದ ತಲುಪಿತು. ಮನೆ ಹೇಗಿದ್ದರೂ ಸರಿ ಎಂದು ಬರೆದಿದ್ದೀಯ. ಅದು ನಿನಗೆ ಸರಿ. ಆ ಮನೆ ನಿನ್ನದಲ್ಲ.

ನಮ್ಮ ಅವ್ವ ಸತ್ತಾಗ ನನಗೆ ಹದಿನಾಲ್ಕು, ಅಮಾನಿಂಗ್ ಇನ್ನೂ ನನ್ನ ಸೊಂಟದ ಮೇಲಿದ್ದ. ನಮಗೆ ಹೆಣ ಮಲಗಿಸುವುದಕ್ಕೆ ಒಂದು ಕೋಣೆ ಇರಲಿಲ್ಲ. ಯಾರದೋ ಚಪ್ಪರವನ್ನು ಬೇಡಿ ತಂದು ಬೀದಿಯಲ್ಲಿ ಹಾಕಿದರು. ಮಳೆ ಬಂತು. ಜನ ಅವ್ವನನ್ನು ನೋಡಲಿಲ್ಲ, ಸೋರುವ ಜಾಗ ನೋಡಿದರು. ಒಬ್ಬಳು ನನಗೆ ಕೇಳುವ ಹಾಗೇ, "ಪಾಪ, ಸತ್ತ ಮೇಲೂ ಸ್ನಾನ ತಪ್ಪಲಿಲ್ಲ" ಅಂದಳು, ಪಕ್ಕದವಳು ನಕ್ಕಳು. ಆ ಇಬ್ಬರ ಹೆಸರೂ ನನಗೆ ನೆನಪಿದೆ. ಅವರ ಮಕ್ಕಳು ಇವತ್ತೂ ನಮ್ಮ ಬೀದಿಯಲ್ಲೇ ಇದ್ದಾರೆ. ಅವರು ನನ್ನ ತಮ್ಮನನ್ನು ನೋಡಲು ಬಂದಾಗ ಟೈಲ್ಸ್ ಮೇಲೆ ಕಾಲಿಡಬೇಕು, ತಲೆ ಎತ್ತಿದರೆ ಛಾವಣಿ ಕಾಣಬೇಕು. ಅಲ್ಲಿಯವರೆಗೆ ಅವನು ಕಾಯುತ್ತಾನೆ.

ಛಾವಣಿಯ ತಗಡು ಗಡಿಯಲ್ಲಿ ನಿಂತಿದೆ. ಟೈಲ್ಸ್ ಇಲ್ಲಿಂದಲೇ ಕಳಿಸುತ್ತೇನೆ. ಆಗಸ್ಟ್ ಎಂದು ಮಾವನಿಗೆ ಬರೆದಿದ್ದೇನೆ. ಮುಂದಿನ ಕೋಣೆಗೆ ಕೆಂಪು ಒಪ್ಪುತ್ತದೋ ಕಂದು ಒಪ್ಪುತ್ತದೋ, ಗೋಡೆ ನೋಡಿ ತಿಳಿಸು.

ಇನ್ನೊಂದು ಮಾತು. ಹೆಣ ಹೆಂಡತಿಯದಲ್ಲ, ತಾಯಿಯ ಕುಲದ್ದು. ಇದು ನಾನು ಮಾಡಿದ ಕಟ್ಟಳೆಯಲ್ಲ. ನಾಳೆ ನಿನ್ನ ಅಣ್ಣ ಸತ್ತರೆ ಅವನ ಹೆಂಡತಿ ನಿನ್ನ ಬಾಗಿಲಲ್ಲಿ ಕೂರುತ್ತಾಳೆ, ದಿನ ನೀನು ಹೇಳುತ್ತೀಯ. ಗಂಡನ ಅಕ್ಕನೂ ಗಂಡನೇ ಎಂದು ಮದುವೆಯ ದಿನ ನಿನಗೆ ಹೇಳಿಕೊಟ್ಟಿದ್ದರಲ್ಲ, ಮರೆತಿದ್ದರೆ ನೆನಪಿಸಿಕೋ.

ಬಿರಾಗೊ


ಕೊನೊಂಗೊ
೯ ಏಪ್ರಿಲ್ ೧೯೯೧

ಅತ್ತಿಗೆಗೆ,

ನಿಮ್ಮ ಕಾಗದವನ್ನು ಅಹೆಂಕೊರಾ ಮಾವ ಸಭೆಯಲ್ಲಿ ಗಟ್ಟಿಯಾಗಿ ಓದಿಸಿದರು. ಆಗಸ್ಟ್ ಎಂದು ಎಲ್ಲರೂ ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ? ಅವರು ಕೂತಿದ್ದ ಬೆಂಚೂ ನೀವು ಕಳಿಸಿದ್ದೇ.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಈ ತಿಂಗಳು ಊರಿನಲ್ಲಿ ಕರೆಂಟು ಹೋಗುತ್ತದೆ, ಬರುತ್ತದೆ. ಆ ತಣ್ಣನೆಯ ಕೋಣೆ ಕಾಯುವವನು ಬಾಗಿಲಿಗೆ ಅಡ್ಡ ನಿಂತು, "ಅಮ್ಮಾ, ನಿಮ್ಮೆಜಮಾನರು ಲಾರಿ ರಿಪೇರಿ ಮಾಡೋರಲ್ವಾ? ನನ್ನ ಭಾವನ ಗಾಡಿ ಅವರೇ ನೋಡ್ತಿದ್ರು. ಅದಕ್ಕೇ ಹೇಳ್ತಿದೀನಿ. ಇವತ್ತು ನೋಡಬೇಡಿ" ಅಂದ. ನಾನು ನೋಡಿದೆ. ಏನು ನೋಡಿದೆ ಎಂದು ಬರೆಯುವುದಿಲ್ಲ. ಅತ್ತಿಗೆ, ನೀವು ಟೈಲ್ಸಿನ ಬಣ್ಣ ಕೇಳಿದಿರಿ. ಅವರ ಬಣ್ಣ ಹೇಗಿದೆ ಎಂದು ಕೇಳಲಿಲ್ಲ.

ಗಂಡನ ಅಕ್ಕನೂ ಗಂಡನೇ ಎಂದು ನೆನಪಿಸಿದ್ದೀರಿ. ನನಗೆ ಇದ್ದ ಗಂಡ ಸಂಜೆ ಮನೆಗೆ ಬಂದು, ಗ್ರೀಸ್ ಹತ್ತಿದ ಕೈಯನ್ನು ಮರಳಿನಲ್ಲಿ ಉಜ್ಜಿ ತೊಳೆದು, ಒನಕೆ ಹಿಡಿಯುತ್ತಿದ್ದರು. ಗಂಡಸು ಹೆಂಡತಿಗೆ ಫುಫು ಕುಟ್ಟುತ್ತಾನೆ ಎಂದು ಬೀದಿಯವರು ನಕ್ಕರೆ, "ನನ್ನ ಒನಕೆ, ನನ್ನ ಹೊಟ್ಟೆ, ನಿಮಗೇನ್ರೀ ನೋವು?" ಅನ್ನುತ್ತಿದ್ದರು. ನಾನು ಒರಳಿಗೆ ಕೈ ಹಾಕಿ ಹಿಟ್ಟು ತಿರುವುತ್ತಿದ್ದೆ. ಅಷ್ಟು ವರ್ಷದಲ್ಲಿ ಒನಕೆ ನನ್ನ ಬೆರಳಿಗೆ ಒಮ್ಮೆಯೂ ತಾಗಲಿಲ್ಲ. ನೀವು ಅಬಿಜಾನಿನಿಂದ ಎತ್ತಿ ಹಾಕುತ್ತಿರುವ ಒನಕೆಗೆ ನನ್ನ ಕೈ ಎಲ್ಲಿದೆ ಎನ್ನುವುದೂ ಕಾಣುತ್ತಿಲ್ಲ.

ಟೈಲ್ಸು ಕೆಂಪು ಹಾಕಿಸಿ, ಕಂದು ಹಾಕಿಸಿ. ನನ್ನನ್ನು ಕೇಳಬೇಡಿ.

ದೂಫಿಯೆ


ಅಬಿಜಾನ್
೪ ಮೇ ೧೯೯೧

ದೂಫಿಯೆ,

ನಮಸ್ಕಾರ ಬರೆಯುವುದಿಲ್ಲ.

ಗುರುವಾರ ಅಂಗಡಿಯಲ್ಲಿ ಕೂತಿದ್ದೆ. ನಮ್ಮೂರ ಕಡೆಯ ಮೂವರು ವ್ಯಾಪಾರಿ ಹೆಂಗಸರು ಸಾವಿನ ಕೆಂಪು ಕಪ್ಪು ಉಟ್ಟು ಬಂದು ನನ್ನ ಎದುರು ಸಾಲಾಗಿ ನಿಂತರು. ಮೊದಲನೆಯವಳು ನನ್ನ ಕೈ ಹಿಡಿದು, "ಬಿರಾಗೊ ಅಕ್ಕಾ, ಮಣ್ಣಾಯ್ತಂತಲ್ಲ. ನಮಗೊಂದು ಮಾತು ಹೇಳ್ಬಾರದಿತ್ತಾ?" ಅಂದಳು. ನನಗೆ ಅರ್ಥವಾಗಲಿಲ್ಲ. ಯಾರ ಮಣ್ಣು ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಬ್ಬಳು ದನಿ ತಗ್ಗಿಸಿ, "ಹೋಗ್ಲಿ ಬಿಡಕ್ಕ, ಹೇಳಿಕೊಳ್ಳೋಕಾಗದ ಸಾವು ಅಂದ್ರೆ ಹಾಗೇ. ನಮ್ಮ ಮನೇಲೂ ಒಬ್ಬ ಹಗ್ಗ ಹಾಕ್ಕೊಂಡಿದ್ದ" ಅಂದಳು.

ನನ್ನ ತಮ್ಮನಿಗೆ ಹಗ್ಗ. ಎದೆ ಹಿಡಿದುಕೊಂಡು ಲಾರಿಯ ಕೆಳಗೇ ಸತ್ತವನಿಗೆ.

ಬೊಅಡಿಯನ್ನು ಹಿಡಿದು ಕೇಳಿದೆ. ಅವನು ಬಾಯಿ ಬಿಟ್ಟ. ಏಪ್ರಿಲಿನ ಒಂದು ಶುಕ್ರವಾರ ಸಂಜೆ ನಿನ್ನ ಮನೆಯಿಂದ ಫುಫು ಕುಟ್ಟುವ ಸದ್ದು ಬಂತಂತೆ. ಮುಂದಿನ ಶುಕ್ರವಾರ ಮತ್ತೆ. ಅದನ್ನು ಬೀದಿಯೆಲ್ಲ ಕೇಳಿತಂತೆ. ಹೆಣವಿರುವ ಮನೆಯಲ್ಲಿ ಒರಳು ಸದ್ದು ಮಾಡಿದರೆ ಊರು ಏನು ತಿಳಿಯಬೇಕು? ಅಮಾನಿಂಗನನ್ನು ಕದ್ದು ಹೂಳಿದ್ದಾರೆ, ಎಲ್ಲರೆದುರು ಹೂಳಲಾಗದ ರೀತಿಯಲ್ಲಿ ಸತ್ತಿದ್ದಾನೆ, ಅದಕ್ಕೇ ಅಕ್ಕ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದು ತಿಳಿಯಿತು. ನಾನು ಊರಿಗೇ ದೊಡ್ಡ ಸಂಸ್ಕಾರ ಮಾಡಬೇಕೆಂದಿದ್ದೆ. ನೀನು ಒಂದು ಮರದ ತುಂಡು ಕುಟ್ಟಿ ಅದನ್ನು ಕಳ್ಳ ಗುಂಡಿ ಮಾಡಿದೆ.

ಒಂದೇ ಪ್ರಶ್ನೆ ಕೇಳುತ್ತೇನೆ. ಒನಕೆ ಹಿಡಿದವರು ಯಾರು? ತಿರುವುವವಳು ನೀನಾದರೆ ಕುಟ್ಟುವವರು ಇನ್ನೊಬ್ಬರು ಇರಲೇಬೇಕು. ನಿನ್ನ ಮಗಳು ತಮಾಲೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಗಂಡಸರು ಕುಟ್ಟಿದರೆ ಸದ್ದು ಬೇರೆ ಎಂದು ಬೊಅಡಿ ಹೇಳುತ್ತಾನೆ. ನನ್ನ ತಮ್ಮ ಇನ್ನೂ ಮಣ್ಣು ಕಂಡಿಲ್ಲ, ಅವನ ಒನಕೆಗೆ ಆಗಲೇ ಇನ್ನೊಂದು ಕೈ ಸಿಕ್ಕಿತೋ?

ಹೆಸರು ಬರೆ. ಇಲ್ಲದಿದ್ದರೆ ಸಂಸ್ಕಾರದ ದಿನ ನಿನ್ನನ್ನು ಹೆಣದ ತಲೆಯ ಕಡೆ ಕೂರಲು ಬಿಡುವುದಿಲ್ಲ.

ಬಿರಾಗೊ


ಕೊನೊಂಗೊ
೧೫ ಮೇ ೧೯೯೧

ಅತ್ತಿಗೆಗೆ,

ಹೆಸರು ಬರೆಯುವುದಿಲ್ಲ.

ಕುಟ್ಟಿದ್ದು ನಿಜ. ನನಗೆ ಹಸಿವಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಬೇಕಾದರೆ ನೀವೇ ಬರೆದುಕೊಳ್ಳಿ. ಮರಗೆಣಸು ಬೇಯಿಸಿದೆ, ಎರಡು ಬಾಳೆಕಾಯಿ ಸೇರಿಸಿದೆ, ಒರಳನ್ನು ಎತ್ತಿ ನಿಲ್ಲಿಸಿ ತೊಳೆದೆ. ಅದರೊಳಗೆ ಜೇಡ ಮನೆ ಮಾಡಿತ್ತು. ಹಿಟ್ಟು ಗಂಟಿಲ್ಲದೆ ನುಣುಪಾಗುವ ತನಕ ತಿರುವಿದೆ. ತಾಳೆಹಣ್ಣಿನ ಸಾರಿನಲ್ಲಿ ಮುಳುಗಿಸಿ, ಅಗಿಯದೆ, ಒಂದೊಂದು ತುತ್ತಾಗಿ ನುಂಗಿದೆ. ಗಂಟಲಿನಿಂದ ಇಳಿಯುವುದು ಗೊತ್ತಾಗುತ್ತಿತ್ತು. ಅಳುತ್ತಿರಲಿಲ್ಲ. ಸಿಟ್ಟಿತ್ತು. ಸಿಟ್ಟಿನಲ್ಲಿ ಇಷ್ಟು ರುಚಿಯಾಗಿ ಉಣ್ಣಬಹುದು ಎಂದು ನನಗೆ ಗೊತ್ತಿರಲಿಲ್ಲ.

ಜನ ಹೀಗೆ ತಿಳಿಯುತ್ತಾರೆ ಎಂದು ಮೊದಲ ಶುಕ್ರವಾರ ನಾನು ಯೋಚಿಸಲಿಲ್ಲ, ನಂಬಿದರೆ ನಂಬಿ. ಮರುದಿನ ಬೆಳಿಗ್ಗೆ ಎದುರು ಮನೆಯವಳು ಕೋಳಿ ಹಿಡಿದು ಬಂದು, "ಎಲ್ಲಿ ಮಣ್ಣು ಮಾಡಿದ್ರಿ? ಹೋಗಿ ಕೈ ಮುಗಿದು ಬರ್ತೀವಿ" ಅಂದಳು. ಕುಲದವರನ್ನು ಕೇಳಿ ಅಂದೆ. ಸಂಜೆಯ ಹೊತ್ತಿಗೆ ಅರ್ಧ ಬೀದಿ ಅಹೆಂಕೊರಾ ಮಾವನ ಬಾಗಿಲಲ್ಲಿತ್ತು. ನಾನು ಒಂದು ಸುಳ್ಳನ್ನೂ ಹೇಳಿಲ್ಲ. ಆಗ ನನಗೆ ತಿಳಿಯಿತು. ಏಳು ತಿಂಗಳು ಬೇಡಿಕೊಂಡಾಗ ಒಬ್ಬರಿಗೂ ಕೇಳಿಸದ್ದು ಒಂದು ಸಂಜೆ ಕುಟ್ಟಿದರೆ ಊರಿಗೇ ಕೇಳುತ್ತದೆ.

ಆದ್ದರಿಂದ ಎರಡನೆಯ ಶುಕ್ರವಾರ ಹಸಿವಿಗಾಗಿ ಕುಟ್ಟಿದ್ದಲ್ಲ. ಮೂರನೆಯದೂ ಅಲ್ಲ. ಅವರನ್ನು ಹೂಳುವ ತನಕ ಪ್ರತಿ ಶುಕ್ರವಾರ ಕುಟ್ಟುತ್ತೇನೆ. ತಲೆಯ ಕಡೆಯೋ ಕಾಲ ಕಡೆಯೋ, ಎಲ್ಲಿ ಕೂರಿಸುತ್ತೀರೋ ಕೂರಿಸಿ. ಮೊದಲು ಅವರನ್ನು ಹೊರಗೆ ತನ್ನಿ.

ದೂಫಿಯೆ


ಅಬಿಜಾನ್
೩೦ ಮೇ ೧೯೯೧

ದೂಫಿಯೆ,

ಸಂಸ್ಕಾರಕ್ಕೆಂದು ಅಚ್ಚು ಹಾಕಿಸಿದ್ದ ಬಟ್ಟೆಯನ್ನು ಇಲ್ಲಿನ ಹೆಂಗಸರು ಮೊದಲೇ ಕೊಂಡಿದ್ದರು. ಒಬ್ಬೊಬ್ಬರಾಗಿ ತಂದು ವಾಪಸು ಕೊಡುತ್ತಿದ್ದಾರೆ. ಆಗಿಹೋದ ಮಣ್ಣಿಗೆ ಹೊಸ ಬಟ್ಟೆಯೇಕೆ ಎನ್ನುತ್ತಾರೆ. ಹೂಳಿಲ್ಲ ಎಂದು ನಾನು ಹೇಳಿದರೆ ತಲೆ ಆಡಿಸುತ್ತಾರೆ, ಹುಚ್ಚಿಗೆ ತಲೆ ಆಡಿಸುವ ಹಾಗೆ. ಮನೆ ಇನ್ನೂ ಮುಗಿದಿಲ್ಲ ಅಂದೆ. ಒಬ್ಬಳು, "ಅಯ್ಯೋ ಅಕ್ಕಾ, ಯಾರ ಮನೆ? ಅವನದಾ, ನಿಂದಾ?" ಅಂದಳು. ಅವಳ ಜೊತೆ ಮಾತು ಬಿಟ್ಟಿದ್ದೇನೆ.

ನಿನ್ನ ಒರಳನ್ನು ಒಡೆದು ಹಾಕಬೇಕೆಂದು ಮಾವನಿಗೆ ಬರೆದಿದ್ದೇನೆ. ಪ್ರತಿ ಲಾರಿಗೂ ಹೊಗೆಸೊಪ್ಪು ಬೇಕು, ಔಷಧ ಬೇಕು ಎಂದು ಬರೆಯುವ ಮುದುಕ ಈಗ ತಿಂಗಳಾಯಿತು, ಒಂದು ಸಾಲೂ ಬರೆದಿಲ್ಲ. ಅವರಿಗೂ ಮುಖ ತೋರಿಸಲು ಆಗುತ್ತಿಲ್ಲ ಎಂದು ನನಗೆ ಗೊತ್ತು. ಅಂಥ ಹಿರಿಯನನ್ನು ಬೀದಿಯ ಎದುರು ತಲೆ ತಗ್ಗಿಸುವಂತೆ ಮಾಡಿದೆ.

ನೀನು ನಿಲ್ಲಿಸಿದರೆ ಜುಲೈ ಕೊನೆಗೆ ಯೋಚಿಸುತ್ತೇನೆ. ಆದರೆ ಅವನ ಹೆಸರು ಮೊದಲು ಬರಬೇಕು. ಅಂಗಡಿ ಬೀದಿಯ ಲಾಟರಿಯವನೋ, ಮಾಂಸದವನೋ?

ಬಿರಾಗೊ


ಕೊನೊಂಗೊ
೧೧ ಜೂನ್ ೧೯೯೧

ಅತ್ತಿಗೆಗೆ,

ಅಹೆಂಕೊರಾ ಮಾವ ನಿಮ್ಮ ಕಾಗದ ಹಿಡಿದುಕೊಂಡು ಭಾನುವಾರ ಬಂದರು. ಒರಳಿನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತರು. "ಇದನ್ನ ಒಡಿ ಅಂತ ಬರೆದಿದಾಳೆ ಕಣಮ್ಮ. ಒಡೆಯೋಕೆ ಶಕ್ತಿ ಎಲ್ಲಿದೆ ನಂಗೆ, ಇರೋದೆಲ್ಲ ಕುಟ್ಟೋದರಲ್ಲೇ ಮುಗೀತು" ಅಂದರು. ಆಮೇಲೆ, "ಅವಳಿಗೆ ಬರೆದುಬಿಡು. ನೀನು ಮುಚ್ಚಿಟ್ಟಿದ್ದು ಸಾಕು. ಲಾಟರಿಯವನಿಗೆ ಹೆಂಡ್ತಿ ಹೊಡೀತಾಳೆ, ಪಾಪ" ಅಂದರು.

ಒನಕೆ ಹಿಡಿದವರು ನಿಮ್ಮ ಸೋದರಮಾವ.

ಏಪ್ರಿಲಿನ ಆ ಶುಕ್ರವಾರ, ಆಗಸ್ಟ್ ತನಕ ತಡೆದುಕೋ ಎಂದು ನನಗೆ ಹೇಳಲು ಬಂದಿದ್ದರು. ನಾನು ಜೋಳದ ಮುದ್ದೆ ತಿನ್ನುತ್ತಿದ್ದೆ. ತಟ್ಟೆ ನೋಡಿದರು, ಮಗುಚಿದ ಒರಳು ನೋಡಿದರು. ಕೊನೆಗೆ, "ನಾಳೆ ನಾನು ಸತ್ತರೆ ನನ್ನನ್ನೂ ಬಿರಾಗೊ ಆ ಐಸಿನಲ್ಲೇ ಇಡ್ತಾಳೆ, ಮನೆಗೆ ಎರಡನೇ ಮಹಡಿ ಬರೋವರೆಗೂ. ಮರಗೆಣಸು ಇದೆಯೇನಮ್ಮ?" ಎಂದು ಕೇಳಿದರು. ನಾನು ಬೇಡ ಅಂದೆ. ಅವರು ಅಂಗಿ ಕಳಚಿ ಗೂಟಕ್ಕೆ ಹಾಕಿದರು. ಮಧ್ಯೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಸದ್ದು ಬೇರೆಯಾಗಿ ಕೇಳಿದ್ದು ಅದಕ್ಕೆ. ಗಂಡಸಿನ ಸದ್ದಲ್ಲ ಅದು, ಮುದುಕನ ಸದ್ದು.

ನಾನು ಹೆಸರು ಹೇಳದಿದ್ದುದು ಅವರ ಔಷಧ ನಿಮ್ಮ ಕೈಯಿಂದ ಬರುತ್ತದೆ ಎಂದು. ನಿಮಗೆ ಹೆದರಿ ಅಲ್ಲ.

ದಿನ ಅವರೇ ಇಟ್ಟಿದ್ದಾರೆ. ಜೂನ್ ೨೯, ಶನಿವಾರ. ಸಭೆಯಲ್ಲಿ ಎದ್ದು ನಿಂತು, ಕುಲದ ಹಿರಿಯ ನಾನೋ ಅಬಿಜಾನಿನ ಅಂಗಡಿಯೋ ಎಂದು ಕೇಳಿದರಂತೆ. ಯಾರೂ ಉತ್ತರ ಕೊಡಲಿಲ್ಲ. ಅದನ್ನೇ ಒಪ್ಪಿಗೆ ಎಂದು ತೆಗೆದುಕೊಂಡರು. ನಿಮ್ಮ ಮುಂದಿನ ಕೋಣೆಗೆ ಗೋಡೆಯಿದೆ, ಛಾವಣಿಯಿಲ್ಲ. ಲಾರಿ ಯಾರ್ಡಿನವರು ಟಾರ್ಪಾಲು ಕಟ್ಟಿ ಕೊಡುತ್ತಾರೆ. ಶುಕ್ರವಾರ ನಿಮ್ಮ ತಮ್ಮನನ್ನು ಅಲ್ಲಿ ಮಲಗಿಸುತ್ತೇವೆ.

ಬಂದರೆ ಬನ್ನಿ.

ದೂಫಿಯೆ


ಅಬಿಜಾನ್
೧೯ ಜೂನ್ ೧೯೯೧

ಟಾರ್ಪಾಲಿನ ಕೆಳಗೆ ಮಲಗಿಸುವವರು ನನ್ನ ಕುಲದವರಲ್ಲ. ಮುದುಕನಿಗೆ ಹೇಳು, ಈ ಕೈಯಿಂದ ಇನ್ನೊಂದು ಚಿಟಿಕೆ ಹೊಗೆಸೊಪ್ಪೂ ಬರುವುದಿಲ್ಲ. ನಾನಿಲ್ಲದೆ ಹೂಳಿಕೊಳ್ಳಿ.

ಬಿರಾಗೊ


ಕೊನೊಂಗೊ
೧ ಜುಲೈ ೧೯೯೧

ಅತ್ತಿಗೆಗೆ,

ಮುಗಿಯಿತು.

ನೀವು ಬರಲಿಲ್ಲ. ಹಾಗೆ ಬರೆದಿದ್ದರೂ ಬರುತ್ತೀರಿ ಎಂದೇ ಮಾವ ಅಂದುಕೊಂಡಿದ್ದರು. ಶನಿವಾರ ಬೆಳಿಗ್ಗೆ ಪೆಟ್ಟಿಗೆ ಮುಚ್ಚಲು ಬಿಡಲಿಲ್ಲ. ಬಿಸಿಲು ಏರುವ ತನಕ ಕಾದೆವು. ಹೆಣ ಅಷ್ಟು ಕಾಯುವ ಸ್ಥಿತಿಯಲ್ಲಿರಲಿಲ್ಲ, ಆದರೂ ಕಾದೆವು. ಹೊರಡುವಾಗ ಮಾವ ಹೊಸ್ತಿಲಲ್ಲಿ ನಿಂತು ಬೀದಿಯ ಕಡೆ ತಿರುಗಿ ನಿಮ್ಮ ಹೆಸರು ಹಿಡಿದು ಕೂಗಿದರು. ದನಿ ಒಡೆಯಿತು. ಮತ್ತೆ ಕೂಗಿದರು. ಆಮೇಲೆ ನಿಮ್ಮ ಪಾಲಿನ ಹಿಡಿ ಮಣ್ಣನ್ನೂ ಅವರೇ ಹಾಕಿದರು.

ನನ್ನನ್ನು ತಲೆಯ ಕಡೆ ಕೂರಿಸಿದ್ದರು. ಯಾರೂ ತಡೆಯಲಿಲ್ಲ.

ನಿಮ್ಮ ಅವ್ವನನ್ನು ನೋಡಿ ನಕ್ಕವರ ಮಕ್ಕಳೂ ಬಂದಿದ್ದರು. ಅವರು ತಲೆ ಎತ್ತಿ ಟಾರ್ಪಾಲನ್ನೇನೂ ನೋಡಲಿಲ್ಲ. ಸುತ್ತ ತಿರುಗಿ, "ಅಕ್ಕ ಎಲ್ಲಿ? ಅಷ್ಟು ದೊಡ್ಡ ಸಾಹುಕಾರ್ತಿ, ಒಬ್ಬನೇ ತಮ್ಮ, ಬರೋಕಾಗ್ಲಿಲ್ವಂತಾ?" ಎಂದು ಕೇಳಿದರು. ಸುತ್ತ ನಿಂತವರು ಉತ್ತರಕ್ಕೆ ಕಾಯುತ್ತಿದ್ದರು. ಗಡಿಯೂರು ಎಲುಬೊ ಹತ್ತಿರ ರಸ್ತೆ ಕೊಚ್ಚಿಹೋಗಿದೆ, ಗಡಿಯಲ್ಲಿ ಲಾರಿಗಳೆಲ್ಲ ನಿಂತಿವೆ, ಅತ್ತಿಗೆ ಅಲ್ಲೇ ಸಿಕ್ಕಿಕೊಂಡು ಅಳುತ್ತಿದ್ದಾರೆ ಎಂದೆ. ಅವರು ಚ್ಚ್ ಎಂದರು. ನಂಬಿದರು.

ಕರುಣೆಯಿಂದ ಹೇಳಿದ್ದು ಎಂದು ತಿಳಿಯಬೇಡಿ. ನಿಮ್ಮನ್ನು ಬೈಯುವ ಹಕ್ಕು ನನ್ನದು. ಅದನ್ನು ಬೀದಿಯವರಿಗೆ ಹಂಚುವುದಕ್ಕೆ ನನಗೆ ಇಷ್ಟವಿಲ್ಲ.

ದೂಫಿಯೆ


ಅಬಿಜಾನ್
೯ ಜುಲೈ ೧೯೯೧

ದೂಫಿಯೆಗೆ,

ರಸ್ತೆ ಸರಿಯಾಗಿತ್ತು.

ಗುರುವಾರ ಇಲ್ಲಿಂದ ಹೊರಟೆ. ಎಲುಬೊ ದಾಟಲು ಒಂದು ಗಂಟೆಯೂ ಹಿಡಿಯಲಿಲ್ಲ. ಶನಿವಾರ ಬೆಳಿಗ್ಗೆ ಬೊಅಡಿ ಲಾರಿಯನ್ನು ನಮ್ಮ ಮನೆಯ ಎದುರು, ಮರದ ಡಿಪೋ ಪಕ್ಕ ನಿಲ್ಲಿಸಿದ. ನಾನು ಮುಂದಿನ ಸೀಟಿನಲ್ಲಿದ್ದೆ. ಕೆಂಪು ಉಟ್ಟಿದ್ದೆ. ಕಿಟಕಿಯಿಂದ ನೀಲಿ ಟಾರ್ಪಾಲು ಕಾಣುತ್ತಿತ್ತು. ಗೋಡೆಯ ಒಂದು ಮೂಲೆಯಲ್ಲಿ ಹಗ್ಗ ಸಡಿಲವಾಗಿ ಅದು ಗಾಳಿಗೆ ಏಳುತ್ತಿತ್ತು, ಬೀಳುತ್ತಿತ್ತು. ಬೊಅಡಿ, "ಅಮ್ಮಾ, ಪೆಟ್ಟಿಗೆ ತರ್ತಿದಾರೆ, ಇಳೀರಿ" ಅಂದ. ಸುಮ್ಮನೆ ಕೂತಿರು ಅಂದೆ. "ಹಿರಿಯರು ನಿಮ್ಮನ್ನೇ ಕೂಗ್ತಿದಾರೆ" ಅಂದ. ಅದು ನನಗೂ ಕೇಳಿಸುತ್ತಿತ್ತು. ಎರಡು ಸಲವೂ ಕೇಳಿಸಿತು.

ನೀನು ಪೆಟ್ಟಿಗೆಯ ಹಿಂದೆ ಬರಿಗಾಲಲ್ಲಿ ನಡೆದು ಹೋದೆ. ತುಂಬ ಸೊರಗಿದ್ದೀಯ. ಲಾರಿಯ ಕಡೆ ನೋಡಲಿಲ್ಲ.

ಕಾಲು ಬರಲಿಲ್ಲ ಎಂದೋ ಎದೆ ನೋವಾಯಿತು ಎಂದೋ ಬರೆಯಬಹುದಿತ್ತು. ಕಾಲು ಚೆನ್ನಾಗಿತ್ತು. ಆ ಟಾರ್ಪಾಲಿನ ಕೆಳಗೆ ಜನರ ಎದುರು ಹೋಗಿ ನಿಲ್ಲಲಾರೆ ಎನಿಸಿತು. ಅಷ್ಟಕ್ಕಾಗಿ ನನ್ನ ತಮ್ಮನನ್ನು ಒಬ್ಬನೇ ಕಳಿಸಿದೆ. ನಿನ್ನ ಮೇಲೆ ನನಗಿರುವ ಸಿಟ್ಟು ಇದರಿಂದ ಒಂದಿಷ್ಟೂ ಕಡಿಮೆಯಾಗಿಲ್ಲ. ಮಾವನ ಮೇಲಿನದೂ ಕಡಿಮೆಯಾಗಿಲ್ಲ, ಆದರೆ ಅವರ ಔಷಧವನ್ನು ಬೊಅಡಿಯ ಕೈಯಲ್ಲಿ ಕಳಿಸಿದ್ದೇನೆ, ದಿನಕ್ಕೆ ಎರಡು, ಊಟವಾದ ಮೇಲೆ. ಕೊಡುವುದು ನಿನ್ನ ಜವಾಬ್ದಾರಿ.

ನನ್ನ ಪರವಾಗಿ ಸುಳ್ಳು ಹೇಳಲು ನಿನಗೆ ಯಾರು ಹೇಳಿದರು? ನಿನ್ನಿಂದ ನಾನು ಏನನ್ನೂ ಬೇಡಿ ತರಲಿಲ್ಲ, ಇದನ್ನೂ ಇಟ್ಟುಕೊಳ್ಳುವುದಿಲ್ಲ. ಅವ್ವನನ್ನು ನೋಡಿ ನಕ್ಕವರ ಆ ಮಕ್ಕಳು ಮತ್ತೆ ಬರುತ್ತಾರೆ, ಅಂಥವರು ಬರದೆ ಇರುವುದಿಲ್ಲ. ಕೂರಿಸಿ, ನೀರು ಕೊಟ್ಟು, ನನ್ನ ಹೆಸರು ಹಿಡಿದು ಹೇಳು: ರಸ್ತೆ ಸರಿಯಾಗಿತ್ತು, ಬಿರಾಗೊ ಬಂದಿದ್ದಳು, ಇಳಿಯಲಿಲ್ಲ.

ಬಿರಾಗೊ